ಕೆಟ್ಟ ಮಿಕ್ಸಿಯನ್ನು ಮನೆಯಲ್ಲೇ ರಿಪೇರಿ ಮಾಡುವುದು: ಜಾರಿನಿಂದ ಕಾರ್ಬನ್‌ವರೆಗೆ

ಯುಗಾದಿಯ ಹಿಂದಿನ ರಾತ್ರಿ ನಮ್ಮ ಮನೆಯ ಮಿಕ್ಸಿ ನಿಂತುಹೋಯಿತು. ಬೆಲ್ಲದೊಂದಿಗೆ ಬೆಂದ ಕಡಲೆಬೇಳೆ ಜಾರಿನ ಕತ್ತಿನವರೆಗೂ ಇತ್ತು, ಹೂರಣ ಇನ್ನೂ ತರಿತರಿಯಾಗಿತ್ತು. ಮೋಟಾರಿನ ದನಿ ಗೊರಗೊರನೆ ಕುಗ್ಗುತ್ತ ಬಂದು ಸುಮ್ಮನಾಯಿತು, ಬಿಸಿ ವಾರ್ನಿಷ್ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. "ಕಾಯಿಲ್ ಸುಟ್ಟುಹೋಯಿತು ಅಂತ ಕಾಣುತ್ತದೆ, ಒಳಕಲ್ಲು ತೊಳೆದುಬಿಡು" ಎಂದರು ಅಮ್ಮ. ಹಬ್ಬಕ್ಕೆ ರಿಪೇರಿ ಅಂಗಡಿಯೂ ಮುಚ್ಚಿತ್ತು. ಆದರೆ ಕಾಯಿಲ್ ಸುಟ್ಟಿರಲಿಲ್ಲ. ಕಾಲು ಗಂಟೆ ಬಿಟ್ಟು ತಳದ ಕೆಂಪು ಗುಂಡಿಯನ್ನು ಒತ್ತಿದೆವು, ಜಾರಿನಲ್ಲಿದ್ದುದರ ಅರ್ಧವನ್ನು ಪಾತ್ರೆಗೆ ತೆಗೆದೆವು, ಹೂರಣ ನುಣ್ಣಗಾಯಿತು. ಆ ಮಿಕ್ಸಿ ಇಂದಿಗೂ ಚಟ್ನಿ ರುಬ್ಬುತ್ತಿದೆ.

ಅಲ್ಲಿಂದೀಚೆಗೆ ನೆಂಟರ, ನೆರೆಯವರ ಮನೆಗಳ ಹಲವು ಮಿಕ್ಸಿಗಳನ್ನು ಬಿಚ್ಚಿ ನೋಡಿದ್ದೇನೆ. "ಮೋಟಾರು ಹೋಗಿದೆ" ಎಂದು ಅಟ್ಟಕ್ಕೆ ಏರಿಸಿದ್ದ ಮಿಕ್ಸಿಗಳಲ್ಲಿ ನಿಜಕ್ಕೂ ಮೋಟಾರು ಹೋಗಿದ್ದವು ಕಡಿಮೆ. ಜಾರಿನ ಬುಷ್ (ಬ್ಲೇಡಿನ ಕಂಬಿ, ಅಂದರೆ ಶಾಫ್ಟ್, ತಿರುಗುವ ಕೊಳವೆ), ವಾಷರ್, ಕಪ್ಲರ್ (ಮೋಟಾರನ್ನೂ ಜಾರನ್ನೂ ಕೂಡಿಸುವ ಹಲ್ಲಿನ ಚಕ್ರ), ವೈರು, ಕಾರ್ಬನ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ತುಂಡುಗಳು): ಕೆಡುವುದು ಈ ಸಣ್ಣ ಬೆಲೆಯ ಸಾಮಾನುಗಳೇ. ಆದ್ದರಿಂದ ಮಿಕ್ಸಿಯ ರಿಪೇರಿ ಹೊರಗಿನಿಂದ ಒಳಕ್ಕೆ ಸಾಗಬೇಕು. ಜಾರನ್ನು ನೋಡದೆ ಮೋಟಾರು ಬಿಚ್ಚಬಾರದು.

ನಮ್ಮ ದೇಶದ ಮಿಕ್ಸಿ ಹುಟ್ಟಿದ್ದೇ ಒಂದು ಕೆಟ್ಟ ಮಿಕ್ಸರಿನಿಂದ. 1960ರ ದಶಕದಲ್ಲಿ ಮುಂಬೈಯ ಮಾಧುರಿ ಮಾಥುರ್ ಅವರ ಅಡುಗೆಮನೆಯಲ್ಲಿದ್ದ ಜರ್ಮನಿಯ ಮಿಕ್ಸರ್ ಕೆಟ್ಟಾಗ ಇಲ್ಲಿ ಅದನ್ನು ಸರಿಪಡಿಸುವ ದಾರಿ ಇರಲಿಲ್ಲ. ಅವರ ಪತಿ, ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್, ನಮ್ಮ ಮಸಾಲೆಯನ್ನೂ ನೆನೆಸಿದ ಬೇಳೆಯನ್ನೂ ತಡೆದುಕೊಳ್ಳುವ ಮೋಟಾರಿನ ಮಿಕ್ಸಿಯನ್ನು ರೂಪಿಸಿದರು. ಅದೇ ಸುಮೀತ್. ಗಟ್ಟಿ ಮೋಟಾರು, ಬೇರೆ ಬೇರೆ ಅಳತೆಯ ಉಕ್ಕಿನ ಜಾರುಗಳು, ಬಿಚ್ಚಿ ಬದಲಿಸಬಹುದಾದ ಬಿಡಿಭಾಗಗಳು. ಇಂದು ನಮ್ಮ ಮನೆಗಳಲ್ಲಿರುವ ಮಿಕ್ಸಿಗಳೆಲ್ಲ ಹೆಚ್ಚುಕಡಿಮೆ ಇದೇ ಮಾದರಿಯವು. ಅವು ರಿಪೇರಿಗೆ ಒಗ್ಗುವ ಯಂತ್ರಗಳು.

ಕೈ ಹಾಕುವ ಮೊದಲು

ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಅದು ನಿಮ್ಮ ಕಣ್ಣೆದುರಿಗೇ ಇರುವಂತೆ ಇಟ್ಟುಕೊಳ್ಳಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಆ ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ, ಮನೆಯ ವೈರಿಂಗ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಮಿಕ್ಸಿಯೊಳಗೆ ಕರೆಂಟು ಉಳಿದೇ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಪ್ಲಗ್ಗಿನ ಮೇಲೆ ಒಂದು ಬಟ್ಟೆ ಕಟ್ಟಿಬಿಡಿ. ವಾರಂಟಿ ಇನ್ನೂ ಇದ್ದರೆ ತಳ ಬಿಚ್ಚಬೇಡಿ, ಜಾರು ಮತ್ತು ಕೆಂಪು ಗುಂಡಿಯನ್ನಷ್ಟೇ ನೋಡಿ, ಉಳಿದದ್ದನ್ನು ಕಂಪನಿಯ ಸರ್ವಿಸ್‌ಗೆ ಬಿಡಿ.

ಸಾಮಾನು ಹೆಚ್ಚೇನೂ ಬೇಡ. ನಕ್ಷತ್ರ ತುದಿಯ ಒಂದು ಸ್ಕ್ರೂಡ್ರೈವರ್, ಚಪ್ಪಟೆ ತುದಿಯದೊಂದು, ಇಕ್ಕಳ, ಹಳೆಯ ಹಲ್ಲುಜ್ಜುವ ಬ್ರಷ್, ತೀರ ನಯವಾದ ಸ್ಯಾಂಡ್ ಪೇಪರ್, ಹೊಲಿಗೆ ಯಂತ್ರದ ಎಣ್ಣೆ, ದಪ್ಪ ಬಟ್ಟೆ. ಇವುಗಳ ಜೊತೆ ಒಂದು ಮಲ್ಟಿಮೀಟರ್ ಇದ್ದರೆ ಅರ್ಧ ಕೆಲಸ ಹಗುರ. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯಲ್ಲಿ ಸಾಧಾರಣ ಬೆಲೆಗೆ ಸಿಗುತ್ತದೆ, ಬೇರೆ ಊರುಗಳಲ್ಲಿ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿ. ಟೆಸ್ಟರ್ ಒಂದನ್ನೇ ನಂಬಿ ಈ ಕೆಲಸ ಮಾಡಬೇಡಿ. ವಿದ್ಯುತ್ ಇದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ, ವೈರು ಎಲ್ಲಿ ಕಡಿದಿದೆ ಎಂದು ಹೇಳುವುದಿಲ್ಲ.

ಮೊದಲ ಪರೀಕ್ಷೆ: ಜಾರಿಲ್ಲದೆ ಓಡಿಸುವುದು

ಜಾರು ತೆಗೆದು, ಮಿಕ್ಸಿಯನ್ನು ಸಮತಟ್ಟಾದ ಕಡೆ ಇಟ್ಟು, ಒಂದನೆಯ ವೇಗದಲ್ಲಿ ಎರಡೇ ಕ್ಷಣ ಓಡಿಸಿ. ಹೆಚ್ಚು ಹೊತ್ತು ಬೇಡ. ಹೊರೆಯಿಲ್ಲದ ಮಿಕ್ಸಿ ಮೋಟಾರು ಪೂರ್ಣ ವೇಗದಲ್ಲಿ ನಿಮಿಷಕ್ಕೆ 18,000 ಸುತ್ತುಗಳಿಗೂ ಮೀರಿ ಓಡುತ್ತದೆ. ಕೆಲವು ಮಾದರಿಗಳಲ್ಲಿ ಜಾರು ಕೂರದೆ ಮೋಟಾರು ಚಾಲೂ ಆಗದಂತೆ ಒಳಗೊಂದು ಸುರಕ್ಷಾ ಸ್ವಿಚ್ ಇರುತ್ತದೆ. ಅಂಥದರಲ್ಲಿ ಖಾಲಿ ಜಾರು ಕೂರಿಸಿ ನೋಡಿ.

ಜಾರಿಲ್ಲದೆ ಚೆನ್ನಾಗಿ ತಿರುಗಿ, ಜಾರು ಕೂರಿಸಿದಾಗ ಗುಂಯ್ ಎಂದು ನಿಂತರೆ ದೋಷ ಜಾರಿನದು. ಮನೆಯಲ್ಲಿರುವ ಇನ್ನೊಂದು ಜಾರನ್ನು ಕೂರಿಸಿ ನೋಡಿ ಖಚಿತಪಡಿಸಿಕೊಳ್ಳಿ. ಮೋಟಾರು ಜೋರಾಗಿ ಓಡುತ್ತಿದ್ದು ಬ್ಲೇಡ್ ಮಾತ್ರ ತಿರುಗದಿದ್ದರೆ ಕಪ್ಲರ್ ಸವೆದಿದೆ. ಏನೂ ಆಗದೆ ಸತ್ತಂತೆ ಬಿದ್ದಿದ್ದರೆ ಸಾಕೆಟ್, ಕೆಂಪು ಗುಂಡಿ, ವೈರು, ಸ್ವಿಚ್, ಕಾರ್ಬನ್, ಈ ಕ್ರಮದಲ್ಲಿ ಹುಡುಕಬೇಕು. ಜಾರಿಲ್ಲದೆಯೂ ಮೆಲ್ಲಗೆ ತಿರುಗಿ, ಬೇಗ ಬಿಸಿಯಾಗಿ, ಒಳಗೆ ಬೆಂಕಿ ಕಾಣಿಸಿದರೆ ಮೋಟಾರಿನ ಒಳಗೇ ತೊಂದರೆಯಿದೆ.

ಕೆಂಪು ಗುಂಡಿ

ಮಿಕ್ಸಿಯನ್ನು ಮಗುಚಿದರೆ ತಳದಲ್ಲಿ ಕಾಣುವ ಸಣ್ಣ ಕೆಂಪು ಗುಂಡಿ ಓವರ್‌ಲೋಡ್ ಸ್ವಿಚ್ಚಿನದು. ಕೆಲವು ಮಾದರಿಗಳಲ್ಲಿ ಹಿಂಬದಿಯಲ್ಲಿರುತ್ತದೆ. ಒಳಗಿರುವ ಲೋಹದ ಪಟ್ಟಿ ಹೆಚ್ಚು ಕರೆಂಟು ಹರಿದಾಗ ಕಾದು ಬಾಗಿ ಸಂಪರ್ಕ ಕಡಿಯುತ್ತದೆ, ಗುಂಡಿ ಹೊರಕ್ಕೆ ಚಿಮ್ಮುತ್ತದೆ. ಅದು ತಣಿಯುವವರೆಗೆ ಒತ್ತಿದರೂ ನಿಲ್ಲುವುದಿಲ್ಲ. ಪ್ಲಗ್ ಕಿತ್ತು, ಹತ್ತು-ಹದಿನೈದು ನಿಮಿಷ ಬಿಟ್ಟು ಒತ್ತಿ. ಟಕ್ ಎಂದು ಕೂರಬೇಕು.

ಇದು ಏಕೆ ಬೀಳುತ್ತದೆ ಎಂದು ತಿಳಿದರೆ ಮಿಕ್ಸಿಯ ಆಯುಸ್ಸೇ ಹೆಚ್ಚುತ್ತದೆ. ಮೋಟಾರು ವೇಗವಾಗಿ ತಿರುಗುತ್ತಿರುವಾಗ ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಕರೆಂಟನ್ನು ಹತೋಟಿಯಲ್ಲಿಡುತ್ತದೆ. ಗಟ್ಟಿ ಹೂರಣ ಬ್ಲೇಡನ್ನು ಹಿಡಿದು ವೇಗ ತಗ್ಗಿಸಿದರೆ ಆ ಎದುರು ವೋಲ್ಟೇಜ್ ಕುಸಿಯುತ್ತದೆ, ಕರೆಂಟು ಏರುತ್ತದೆ. ತಂಪುಗಾಳಿ ಬೀಸುವ ಫ್ಯಾನ್ ಕೂಡ ಅದೇ ಶಾಫ್ಟಿನ ಮೇಲಿದೆ, ಆದ್ದರಿಂದ ಬಿಸಿ ಹೆಚ್ಚಾದ ಹೊತ್ತಿಗೇ ಗಾಳಿ ಕಡಿಮೆಯಾಗುತ್ತದೆ. ಹೂರಣ, ನೀರಿಲ್ಲದ ಕಾಯಿಚಟ್ನಿ, ಗಟ್ಟಿ ಉದ್ದಿನ ಹಿಟ್ಟು, ಇವು ಮೋಟಾರನ್ನು ಹೀಗೆಯೇ ಕೊಲ್ಲುತ್ತವೆ. ಜಾರಿನ ಅರ್ಧಕ್ಕಿಂತ ಕಡಿಮೆ ಹಾಕಿ, ಒಂದನೆಯ ವೇಗದಲ್ಲಿ ಶುರು ಮಾಡಿ ಬೇಗ ಮೇಲಿನ ವೇಗಕ್ಕೆ ಹೋಗಿ, ನಡುನಡುವೆ ನಿಲ್ಲಿಸಿ ಸೌಟಿನಿಂದ ಕಲಕಿ. ಮೋಟಾರಿನ ದನಿ ಕುಗ್ಗಿದ ಕ್ಷಣವೇ ನಿಲ್ಲಿಸಬೇಕು.

ವೋಲ್ಟೇಜ್ ಕಡಿಮೆಯಿರುವ ಊರುಗಳಲ್ಲಿ ಇದೇ ತೊಂದರೆ ಬೇರೆ ದಾರಿಯಿಂದ ಬರುತ್ತದೆ. 230 ವೋಲ್ಟ್ ಬರಬೇಕಾದಲ್ಲಿ 180 ಬಂದರೆ ಮೋಟಾರಿನ ಬಲ ಸುಮಾರು ಅರವತ್ತು ಶೇಕಡಕ್ಕೆ ಇಳಿಯುತ್ತದೆ. ಸಂಜೆ ಮಾತ್ರ ಮಿಕ್ಸಿ ಸೋಲುತ್ತಿದ್ದರೆ ಮೀಟರಿನಲ್ಲಿ ಸಾಕೆಟ್ಟಿನ ವೋಲ್ಟೇಜ್ ನೋಡಿ, ಮಿಕ್ಸಿಯನ್ನು ಬೈಯಬೇಡಿ. ಅಮೆರಿಕದಲ್ಲಿರುವ ನಮ್ಮವರು ಇಲ್ಲಿಂದ ಒಯ್ದ ಮಿಕ್ಸಿಯನ್ನು ವೋಲ್ಟೇಜ್ ಏರಿಸುವ ಸಣ್ಣ ಟ್ರಾನ್ಸ್‌ಫಾರ್ಮರಿಗೆ ಹಚ್ಚಿದಾಗಲೂ ಹೀಗೇ ಆಗುತ್ತದೆ. 750 ವಾಟಿನ ಮಿಕ್ಸಿಗೆ 1500 ವಾಟಿನದಾದರೂ ಬೇಕು.

ಹೊರೆಯಿಲ್ಲದೆಯೂ ಗುಂಡಿ ಮತ್ತೆ ಮತ್ತೆ ಚಿಮ್ಮುತ್ತಿದ್ದರೆ ಒಳಗೆ ಶಾಫ್ಟ್ ಬಿಗಿದಿದೆ ಅಥವಾ ವೈಂಡಿಂಗ್ (ಮೋಟಾರಿನ ತಾಮ್ರದ ತಂತಿಯ ಸುತ್ತು) ಶಾರ್ಟ್ ಆಗಿದೆ. ಗುಂಡಿಗೆ ಟೇಪ್ ಸುತ್ತಿ ಒತ್ತಿಹಿಡಿಸುವುದು, ಆ ಸ್ವಿಚ್ಚನ್ನೇ ತೆಗೆದು ವೈರು ನೇರ ಜೋಡಿಸುವುದು, ಇವೆರಡನ್ನೂ ಕಂಡಿದ್ದೇನೆ. ಮನೆಗೆ ಬೆಂಕಿ ಬೀಳುವ ದಾರಿಗಳಿವು.

ಜಾರು: ಹೆಚ್ಚಿನ ರೋಗಗಳು ಇಲ್ಲೇ

ಜಾರನ್ನು ಕೈಯಲ್ಲಿ ಹಿಡಿದು, ಕೆಳಗಿನ ಕಪ್ಲರನ್ನು ಬೆರಳಿನಿಂದ ತಿರುಗಿಸಿ. ಸಣ್ಣ ತಡೆಯೊಂದಿಗೆ ನುಣ್ಣಗೆ ತಿರುಗಬೇಕು. ಕಲ್ಲಿನಂತೆ ಬಿಗಿದಿದ್ದರೆ ಬುಷ್‌ನೊಳಗೆ ಹಿಟ್ಟು, ಹುಣಸೆಹಣ್ಣಿನ ರಸ, ಉಪ್ಪು ಸೇರಿ ಒಣಗಿ ಶಾಫ್ಟನ್ನು ಹಿಡಿದಿವೆ. ತೊಳೆದ ಜಾರನ್ನು ನೀರು ಸಮೇತ ಕವುಚಿಟ್ಟ ಮನೆಗಳಲ್ಲಿ, ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದವರ ಮನೆಗಳಲ್ಲಿ ಇದು ತಪ್ಪದು.

ಜಾರನ್ನು ಬೋರಲು ಇಟ್ಟು ಕಪ್ಲರಿನ ಸುತ್ತ ಬಿಸಿನೀರು ಹೊಯ್ದು ಇಪ್ಪತ್ತು ನಿಮಿಷ ಬಿಡಿ. ನಂತರ ದಪ್ಪ ಬಟ್ಟೆಯಿಂದ ಕಪ್ಲರನ್ನು ಹಿಡಿದು ಆ ಕಡೆ ಈ ಕಡೆ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಸರಿದರೂ ಸಾಕು, ಮತ್ತೆ ಬಿಸಿನೀರು, ಮತ್ತೆ ಅಲುಗಾಟ. ಬಿಡಿಸಿಕೊಂಡ ಮೇಲೆ ಶಾಫ್ಟ್ ಬುಷ್‌ಗೆ ಇಳಿಯುವ ಜಾಗದಲ್ಲಿ ಅಡುಗೆ ಎಣ್ಣೆಯ ಎರಡು ಹನಿ ಬಿಟ್ಟು ತಿರುಗಿಸಿ, ಸೋಪು ನೀರು ಹಾಕಿ ಒಮ್ಮೆ ಓಡಿಸಿ ಚೆಲ್ಲಿ. ತುಕ್ಕು ಬಿಡಿಸುವ ಸ್ಪ್ರೇಗಳನ್ನು ಜಾರಿಗೆ ಹೊಡೆಯಬೇಡಿ, ನಾಳೆ ಅದೇ ಜಾರಿನಲ್ಲಿ ಮಕ್ಕಳ ದೋಸೆಗೆ ಚಟ್ನಿ ಆಗಬೇಕು. ಬಿಗಿದ ಜಾರನ್ನು ಮೋಟಾರಿನ ಬಲದಿಂದಲೇ ಬಿಡಿಸಲು ಹೋಗಬೇಡಿ, ಕಪ್ಲರಿನ ಹಲ್ಲು ಮುರಿಯುತ್ತದೆ.

ಸೋರುವ ಜಾರಿಗೆ ಸುಲಭವಾದ ಪರೀಕ್ಷೆಯಿದೆ. ಅರ್ಧ ನೀರು ತುಂಬಿ, ಎರಡು ಕಡೆ ಆಸರೆ ಕೊಟ್ಟು, ಕೆಳಗೆ ಪತ್ರಿಕೆ ಹಾಸಿ, ಹತ್ತು ನಿಮಿಷ ಕಾದು ನೋಡಿ. ನೀರು ನಟ್ಟನಡುವೆ ಶಾಫ್ಟಿನಿಂದ ತೊಟ್ಟಿಕ್ಕಿದರೆ ಬುಷ್ ಸವೆದಿದೆ. ಬ್ಲೇಡಿನ ಸೆಟ್ಟು ತಳಕ್ಕೆ ಕೂಡುವ ಅಂಚಿನಿಂದ ಬಂದರೆ ವಾಷರ್ ಹೋಗಿದೆ. ಈ ಸೋರಿಕೆಯನ್ನು ಒರೆಸಿಕೊಂಡು ದಿನ ದೂಡುವವರು ಬಹಳ. ಆದರೆ ಆ ನೀರು ಕಪ್ಲರಿನ ಮೇಲೆ ಬಿದ್ದು, ಶಾಫ್ಟಿನ ಗುಂಟ ಇಳಿದು, ಮೋಟಾರಿನ ಮೇಲಿನ ಬೇರಿಂಗನ್ನು ತುಕ್ಕು ಹಿಡಿಸುತ್ತದೆ. ಬಡ ವಾಷರಿನ ಹೊರೆಯನ್ನು ಕೊನೆಗೆ ಮೋಟಾರು ಹೊರುತ್ತದೆ.

ರುಬ್ಬಿದ ಬಿಳಿ ಹಿಟ್ಟಿನಲ್ಲಿ ಬ್ಲೇಡಿನ ಬುಡದ ಸುತ್ತ ಬೂದು ಅಥವಾ ಕಪ್ಪು ಗೆರೆ ಕಂಡರೆ ಆ ಜಾರನ್ನು ಅಂದೇ ನಿಲ್ಲಿಸಿ. ಬುಷ್ ಮತ್ತು ಶಾಫ್ಟ್ ತೇದ ಲೋಹ ಅದು. ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಾಗ ಸಡಿಲವಾಗಿ ಕುಣಿದರೂ ಅದೇ ಕತೆ. ಹೊಸ ಬುಷ್ಷನ್ನು ಅಂಗಡಿಯಲ್ಲೇ ಹಾಕಿಸಿ. ಅದನ್ನು ಒತ್ತಿ ನೇರವಾಗಿ ಕೂರಿಸಲು ಪ್ರೆಸ್ ಬೇಕು, ಮನೆಯಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಿದ ಬುಷ್ ವಾಲಿಕೊಂಡು ಬೇಗ ಸವೆಯುತ್ತದೆ.

ಬ್ಲೇಡ್ ಮೊಂಡಾಗಿದ್ದರೆ ಕಲ್ಲುಪ್ಪು ಹಾಕಿ ತಿರುಗಿಸಿ ಎಂಬ ಮಾತು ಎಲ್ಲ ಅಡುಗೆಮನೆಗಳಲ್ಲೂ ಇದೆ. ಉಪ್ಪು ಉಕ್ಕಿಗಿಂತ ಮೆದು, ಅದು ಉಕ್ಕನ್ನು ಹರಿತ ಮಾಡಲಾರದು. ಅಂಟಿದ ಕೊಳೆ ಉಜ್ಜಿ ಹೋಗುತ್ತದೆ, ಅಷ್ಟೇ. ಸಾಣೆ ಹಿಡಿಸುವುದಾದರೆ ಎರಡೂ ಕಡೆಯ ರೆಕ್ಕೆಗಳನ್ನು ಸಮನಾಗಿ ಹಿಡಿಸಬೇಕು. ಒಂದು ಕಡೆ ಹಗುರವಾದರೆ ಆ ವೇಗದಲ್ಲಿ ಜಾರು ನಡುಗಿ ಬುಷ್ ಮತ್ತೆ ಸವೆಯುತ್ತದೆ.

ಕಪ್ಲರ್ ಬದಲಿಸುವುದು

ಮೋಟಾರಿನ ತಲೆಯ ಮೇಲಿರುವ ಕಪ್ಪು ಹಲ್ಲಿನ ಚಕ್ರವೇ ಕಪ್ಲರ್. ಜಾರಿನ ಕೆಳಗೆ ಅದರ ಜೋಡಿ ಇರುತ್ತದೆ. ಟಕಟಕ ಸದ್ದು, ರಬ್ಬರ್ ಸುಟ್ಟ ವಾಸನೆ, ಜಾರು ಕೂರುವ ಜಾಗದಲ್ಲಿ ಉದುರಿದ ಕಪ್ಪು ಪುಡಿ: ಮೂರರಲ್ಲಿ ಒಂದು ಕಂಡರೂ ಹಲ್ಲುಗಳನ್ನು ನೋಡಿ. ಹೊಸದರ ಹಲ್ಲಿಗೆ ಚೌಕ ಅಂಚಿರುತ್ತದೆ, ಸವೆದದ್ದು ಹಳೆಯ ಸೋಪಿನಂತೆ ದುಂಡಾಗಿರುತ್ತದೆ. ಬ್ಲೇಡ್ ಪೂರ್ತಿ ನಿಲ್ಲುವ ಮೊದಲೇ ಜಾರು ಎತ್ತುವ ಅವಸರ ಈ ಹಲ್ಲುಗಳನ್ನು ತಿನ್ನುತ್ತದೆ.

ಇದನ್ನು ಬಿಚ್ಚುವಾಗ ಹೆಚ್ಚಿನವರು ಸೋಲುವುದು ಯಾವ ದಿಕ್ಕಿಗೆ ತಿರುಗಿಸಬೇಕು ಎಂದು ತಿಳಿಯದೆ. ಒಬ್ಬರು ಎಡಕ್ಕೆ ಎನ್ನುತ್ತಾರೆ, ಇನ್ನೊಬ್ಬರು ಬಲಕ್ಕೆ. ತಪ್ಪು ದಿಕ್ಕಿಗೆ ಬಲ ಹಾಕಿದರೆ ಮರೆ, ಅಂದರೆ ತಿರುಪಿನ ಸುರುಳಿಗೆರೆ, ಹಾಳಾಗುತ್ತದೆ. ನಾನು ಪಾಲಿಸುವ ನಿಯಮ ಒಂದೇ, ಅದು ಯಾವ ಮಾದರಿಯ ತಿರುಪಿನ ಕಪ್ಲರಿಗೂ ಸರಿ: ಶಾಫ್ಟನ್ನು ಹಿಡಿದು, ಮೋಟಾರು ಯಾವ ದಿಕ್ಕಿಗೆ ಓಡುತ್ತದೆಯೋ ಅದೇ ದಿಕ್ಕಿಗೆ ಕಪ್ಲರನ್ನು ತಿರುಗಿಸಿದರೆ ಅದು ಬಿಚ್ಚುತ್ತದೆ. ಕಾರಣ ಸರಳ. ರುಬ್ಬುವಾಗ ಶಾಫ್ಟ್ ಮುಂದಕ್ಕೆ ತಳ್ಳುತ್ತದೆ, ಹಿಟ್ಟಿನ ಹೊರೆ ಕಪ್ಲರನ್ನು ಹಿಂದಕ್ಕೆ ಹಿಡಿಯುತ್ತದೆ. ಆ ಎಳೆದಾಟದಲ್ಲಿ ತಿರುಪು ಬಿಗಿಯುತ್ತ ಹೋಗುವಂತೆಯೇ ಮರೆ ಕೊರೆದಿರುತ್ತಾರೆ, ಇಲ್ಲವಾದರೆ ಮೊದಲ ದಿನವೇ ಕಳಚಿ ಹಾರುತ್ತಿತ್ತು. ಓಡುವ ದಿಕ್ಕನ್ನು ತಿಳಿಯಲು ಜಾರಿಲ್ಲದೆ ಒಂದು ಕ್ಷಣ ಚಾಲೂ ಮಾಡಿ ಆರಿಸಿ, ಕಪ್ಲರ್ ನಿಧಾನವಾಗಿ ನಿಲ್ಲುವಾಗ ನೋಡಿ ಬಾಣದ ಗುರುತು ಬರೆದುಕೊಳ್ಳಿ. ಪ್ಲಗ್ ಕಿತ್ತು ಮುಂದುವರಿಯಿರಿ.

ಶಾಫ್ಟ್ ಹಿಡಿಯಲು ತಳದ ಮುಚ್ಚಳ ತೆಗೆಯಬೇಕು. ಕೆಲವು ಮಿಕ್ಸಿಗಳ ಶಾಫ್ಟಿನ ಕೆಳತುದಿಯಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಕೂರುವ ಸೀಳಿರುತ್ತದೆ. ಅದಿದ್ದರೆ ಕೆಲಸ ಎರಡು ನಿಮಿಷದ್ದು. ಇಲ್ಲದಿದ್ದರೆ ಶಾಫ್ಟಿನ ಬರಿಯ ಭಾಗವನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಹಿಡಿಯಿರಿ. ಫ್ಯಾನಿನ ರೆಕ್ಕೆ ಹಿಡಿದರೆ ಮುರಿಯುತ್ತದೆ, ತಾಮ್ರದ ತಂತಿಯ ಸುತ್ತನ್ನಂತೂ ಮುಟ್ಟಲೇಬೇಡಿ. ಕಪ್ಲರಿನ ನಡುವೆ ನಟ್ ಅಥವಾ ಸ್ಕ್ರೂ ಇದೆಯೇ ಎಂದೂ ಮೊದಲೇ ನೋಡಿಕೊಳ್ಳಿ, ಇದ್ದರೆ ಅದನ್ನು ಬಿಚ್ಚಿದರೆ ಸಾಕು. ಜಾರಿನ ಕೆಳಗಿನ ತಿರುಪು ಕಪ್ಲರಿಗೂ ಇದೇ ತರ್ಕ: ಕಪ್ಲರನ್ನು ಹಿಡಿದು, ದಪ್ಪ ಬಟ್ಟೆ ಸುತ್ತಿದ ಬ್ಲೇಡನ್ನು ಅದು ರುಬ್ಬುವ ದಿಕ್ಕಿಗೇ ತಿರುಗಿಸಿ.

ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಹಲ್ಲಿನ ಲೆಕ್ಕ ಒಂದೇ ಆಗಿದ್ದರೂ ಎತ್ತರ, ಮರೆಯ ಅಳತೆ ಬೇರೆ ಇರುತ್ತವೆ. ಒಂದು ಕಡೆಯದು ಸವೆದಿದ್ದರೆ ಅದರ ಜೋಡಿಯನ್ನೂ ನೋಡಿ, ಸವೆದ ಹಲ್ಲು ಹೊಸ ಹಲ್ಲನ್ನು ಬೇಗ ಕೆಡಿಸುತ್ತದೆ.

ಏನು ಮಾಡಿದರೂ ಓಡದಿದ್ದರೆ

ಅದೇ ಸಾಕೆಟ್ಟಿಗೆ ಬೇರೊಂದು ಸಾಮಾನು ಹಚ್ಚಿ ನೋಡಿ. ಮೇಲಿನ ಕೆಂಪು ಗುಂಡಿಯ ಮಾತು ಮತ್ತೊಮ್ಮೆ ನೆನಪಿರಲಿ. ಆಮೇಲೆ ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು, ಪ್ಲಗ್ಗಿನ ಎರಡು ಸಣ್ಣ ಕಡ್ಡಿಗಳಿಗೆ ಹಚ್ಚಿ, ಮಿಕ್ಸಿಯ ಗುಂಡಿಯನ್ನು ಒಂದನೆಯ ವೇಗಕ್ಕೆ ತಿರುಗಿಸಿ. ಆರೋಗ್ಯವಾಗಿರುವ ಮಿಕ್ಸಿ ಕೆಲವು ಓಮ್‌ನಿಂದ ಕೆಲವು ಹತ್ತು ಓಮ್‌ವರೆಗೆ ತೋರಿಸುತ್ತದೆ, ಎರಡು ಮತ್ತು ಮೂರನೆಯ ವೇಗಕ್ಕೆ ಹೋದಂತೆ ಅಂಕಿ ಸ್ವಲ್ಪ ಬದಲಾಗುತ್ತದೆ. ಒಂದು ವೇಗದಲ್ಲಿ ಮಾತ್ರ ಏನೂ ತೋರಿಸದಿದ್ದರೆ ಸ್ವಿಚ್ಚಿನ ಆ ಸಂಪರ್ಕ ಅಥವಾ ಅದಕ್ಕೆ ಬರುವ ಫೀಲ್ಡ್ ಕಾಯಿಲ್ (ಮೋಟಾರಿನಲ್ಲಿ ತಿರುಗದೆ ನಿಂತಿರುವ ತಂತಿಯ ಸುತ್ತು) ತಂತಿ ಕಡಿದಿದೆ.

ಯಾವುದರಲ್ಲೂ ಏನೂ ತೋರಿಸದಿದ್ದರೆ ಮೀಟರ್ ಹಚ್ಚಿರುವಾಗಲೇ ವೈರನ್ನು ಪ್ಲಗ್ಗಿನ ಬುಡದಲ್ಲಿ, ಮಿಕ್ಸಿಯೊಳಗೆ ಹೋಗುವ ಜಾಗದಲ್ಲಿ ಬಗ್ಗಿಸಿ ನೋಡಿ. ಅಂಕಿ ಮಿಂಚಿ ಮಾಯವಾದರೆ ವೈರು ಅಲ್ಲೇ ಒಳಗೆ ತುಂಡಾಗಿದೆ. ಮಿಕ್ಸಿಗೆ ವೈರನ್ನು ಬಿಗಿಯಾಗಿ ಸುತ್ತಿಡುವ ಮನೆಗಳಲ್ಲಿ ಇದು ಸಾಮಾನ್ಯ. ವೈರು ಬಗ್ಗಿಸಿದರೂ ಏನೂ ಆಗದಿದ್ದರೆ ಕಪ್ಲರನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ತಿರುಗಿಸಿದಾಗ ಅಂಕಿ ಬಂದು ಹೋಗುತ್ತಿದ್ದರೆ ಕಾರ್ಬನ್ ಸವೆದು ಆರ್ಮೇಚರಿಗೆ (ಮೋಟಾರಿನ ತಿರುಗುವ ಭಾಗಕ್ಕೆ) ತಾಗುತ್ತಿಲ್ಲ. ತಳ ಬಿಚ್ಚದೆಯೇ ಕಾರ್ಬನ್ನಿನ ರೋಗ ಹೀಗೆ ಗೊತ್ತಾಗುತ್ತದೆ.

ಇನ್ನೊಂದು ಅಳತೆಯನ್ನು ತಪ್ಪಿಸಬೇಡಿ: ಸ್ವಿಚ್ ಒಂದನೆಯ ವೇಗದಲ್ಲಿರುವಾಗ ದೊಡ್ಡ ಅರ್ಥ್ ಕಡ್ಡಿಗೂ ಸಣ್ಣ ಕಡ್ಡಿಗಳಿಗೂ ನಡುವೆ ಸಂಪರ್ಕ ಇರಲೇಬಾರದು. ಅಲ್ಲಿ ಏನಾದರೂ ಅಂಕಿ ಬಂದರೆ, ಅಥವಾ ಜಾರು ಮುಟ್ಟಿದಾಗ ಜುಮ್ ಎಂದ ಅನುಭವ ಆಗಿದ್ದರೆ, ಕಾರಣ ತಿಳಿಯುವವರೆಗೆ ಆ ಮಿಕ್ಸಿಯನ್ನು ಯಾರೂ ಹಚ್ಚಬಾರದು. ಹಿಟ್ಟು ಚೆಲ್ಲಿ ಮೋಟಾರಿಗೆ ನೀರು ಇಳಿದಿದ್ದರೂ ಹೀಗೆ ಆಗುತ್ತದೆ. ತಳ ಬಿಚ್ಚಿ, ಗಾಳಿಯಾಡುವ ಕಡೆ ಎರಡು ದಿನ ಒಣಗಿಸಿ ಮತ್ತೆ ಅಳೆಯಿರಿ.

ಒಳಗೆ: ಕಾರ್ಬನ್

ತಳದ ಸ್ಕ್ರೂಗಳು ರಬ್ಬರ್ ಕಾಲುಗಳೊಳಗೆ ಅಡಗಿರುತ್ತವೆ. ಮುಚ್ಚಳ ತೆಗೆದ ಕೂಡಲೇ ಯಾವ ವೈರನ್ನೂ ಮುಟ್ಟದೆ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆಯಿರಿ. ಒಂದೇ ಬಣ್ಣದ ಎರಡು ವೈರು ಎಲ್ಲಿಗೆ ಹೋಗಿದ್ದವು ಎಂದು ಆಮೇಲೆ ನೆನಪಾಗುವುದಿಲ್ಲ. ಸಣ್ಣ ಕೆಪಾಸಿಟರ್ ಒಂದಿರುತ್ತದೆ, ಅದರ ತುದಿಗಳನ್ನು ಬೆರಳಿನಿಂದ ಮುಟ್ಟಬೇಡಿ. ಒಣಗಿದ ಹಿಟ್ಟು, ಸತ್ತ ಜಿರಳೆ, ಇರುವೆಗಳ ಗೂಡು ಕಂಡರೆ ಆಶ್ಚರ್ಯವಿಲ್ಲ. ಬೆಚ್ಚನೆಯ ಜಾಗ, ಚೆಲ್ಲಿದ ಹಿಟ್ಟು, ಅವುಗಳಿಗೆ ಇನ್ನೇನು ಬೇಕು. ಸ್ವಿಚ್ಚಿನ ಸಂಪರ್ಕಗಳ ನಡುವೆ ಸಿಕ್ಕ ಒಂದು ಇರುವೆಯಿಂದಲೇ ಮಿಕ್ಸಿ ನಿಂತಿರಬಹುದು. ಒಣ ಬ್ರಷ್ಷಿನಿಂದ ಎಲ್ಲವನ್ನೂ ಗುಡಿಸಿ.

ಮೋಟಾರಿನ ತುದಿಯಲ್ಲಿ ತಾಮ್ರದ ಪಟ್ಟಿಗಳ ಉರುಳೆಯೊಂದು ಕಾಣುತ್ತದೆ. ಅದು ಕಮ್ಯುಟೇಟರ್. ಅದರ ಎರಡೂ ಪಕ್ಕದಲ್ಲಿ ಎದುರುಬದುರಾಗಿ ಹಿತ್ತಾಳೆಯ ಗೂಡುಗಳಿವೆ, ಅವುಗಳೊಳಗೆ ಸ್ಪ್ರಿಂಗಿನ ತಳ್ಳುವಿಕೆಯಲ್ಲಿ ಕಾರ್ಬನ್ ತುಂಡುಗಳು ನಿಂತಿವೆ. ತಿರುಗುವ ಆರ್ಮೇಚರಿಗೆ ಕರೆಂಟನ್ನು ದಾಟಿಸುವುದು ಇವೇ. ಪೆನ್ಸಿಲಿನಂತೆ ದಿನದಿನವೂ ತೇಯುತ್ತ ಹೋಗುವುದು ಇವುಗಳ ಧರ್ಮ.

ಗೂಡಿನ ಮೇಲೆ ಬೆರಳು ಅಡ್ಡ ಇಟ್ಟೇ ಬಿಚ್ಚಿ, ಸ್ಪ್ರಿಂಗ್ ಚಿಮ್ಮಿ ಒಲೆಯ ಕೆಳಗೆ ಸೇರಿಬಿಡುತ್ತದೆ. ಕಾರ್ಬನ್ನನ್ನು ಬೆಳಕಿಗೆ ಹಿಡಿದು ನೋಡಿ. ಕಮ್ಯುಟೇಟರಿಗೆ ತಾಗುವ ಮುಖ ಒಳಬಾಗಿ ಕನ್ನಡಿಯಂತೆ ಹೊಳೆಯುತ್ತಿದ್ದು, ಉದ್ದ ಇನ್ನೂ ಚೆನ್ನಾಗಿದ್ದರೆ ಅದೇ ದಿಕ್ಕಿನಲ್ಲಿ ಮತ್ತೆ ಕೂರಿಸಿ. ಅರ್ಧ ಸೆಂಟಿಮೀಟರಿಗಿಂತ ಗಿಡ್ಡವಾಗಿದ್ದರೆ, ಅಂಚು ಒಡೆದಿದ್ದರೆ, ಸ್ಪ್ರಿಂಗ್ ಕಾದು ನೀಲಿಗಟ್ಟಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹಳೆಯದು ಒಂದು ಹೊಸದು ಹಾಕಿದರೆ ಒತ್ತಡ ಸಮನಾಗದೆ ಕಿಡಿ ಹಾರುತ್ತದೆ. ಹೊಸದು ಗೂಡಿನಲ್ಲಿ ತನ್ನ ತೂಕಕ್ಕೇ ಜಾರಬೇಕು. ಕೊಂಚ ದಪ್ಪವಿದ್ದರೆ ಅದರ ಪಕ್ಕವನ್ನು ಸ್ಯಾಂಡ್ ಪೇಪರಿನ ಮೇಲೆ ಉಜ್ಜಿ. ತೆಳುವಾದದ್ದನ್ನು ಕಾಗದ ಸೇರಿಸಿ ಕೂರಿಸುವ ಉಪಾಯ ಬೇಡ.

ಕಮ್ಯುಟೇಟರಿನ ಮೇಲೆ ತೆಳುವಾದ ಕಂದು ಹೊಳಪಿದ್ದರೆ ಅದು ಕೊಳೆಯಲ್ಲ, ಅದನ್ನು ಉಜ್ಜಿ ತೆಗೆಯಬೇಡಿ. ಸುಟ್ಟ ಕಪ್ಪು ಕಲೆಗಳಿದ್ದರೆ ಮಾತ್ರ ನಯವಾದ ಸ್ಯಾಂಡ್ ಪೇಪರಿನ ಪಟ್ಟಿಯನ್ನು ಅದರ ಸುತ್ತ ಹಿಡಿದು ಶಾಫ್ಟನ್ನು ಕೈಯಿಂದ ತಿರುಗಿಸಿ. ಎಮರಿ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಕೂತು ವಿದ್ಯುತ್ತನ್ನು ಹಾಯಿಸಬಹುದು. ಪಟ್ಟಿಗಳ ನಡುವಿನ ಸಂದಿಯಲ್ಲಿ ತುಂಬಿದ ಕರಿಯನ್ನು ಮೊನೆ ಮಾಡಿದ ಕಡ್ಡಿಯಿಂದ ಒಂದೊಂದಾಗಿ ಕೆದಕಿ ತೆಗೆಯಿರಿ. ಇಲ್ಲಿ ತಾಳ್ಮೆ ಬೇಕು, ಕಾಲು ಗಂಟೆ ಹಿಡಿಯುತ್ತದೆ. ಕಿಡಿ ಹಾರುತ್ತಿದ್ದ ಮಿಕ್ಸಿಗಳು ಈ ಕಾಲು ಗಂಟೆಯಲ್ಲೇ ಶಾಂತವಾಗಿರುವುದನ್ನು ನೋಡಿದ್ದೇನೆ.

ಶಾಫ್ಟಿನ ಬುಷ್‌ಗೆ ಎಣ್ಣೆ ಬೇಕೆನಿಸಿದರೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು. ಹೆಚ್ಚಾದ ಎಣ್ಣೆ ಕಮ್ಯುಟೇಟರಿಗೆ ಹರಿದು ಕಾರ್ಬನ್ ಪುಡಿಯೊಂದಿಗೆ ಅಂಟಾಗುತ್ತದೆ.

ಎಲ್ಲಿ ನಿಲ್ಲಬೇಕು

ಹೊಸ ಕಾರ್ಬನ್ ಹಾಕಿ, ಸಂದಿ ಶುಚಿ ಮಾಡಿದ ಮೇಲೂ ಕಮ್ಯುಟೇಟರಿನ ಸುತ್ತ ಬೆಂಕಿಯ ಬಳೆ ಸುತ್ತುತ್ತಿದ್ದರೆ ಆರ್ಮೇಚರ್ ಹೋಗಿದೆ. ಎರಡು ಪಟ್ಟಿಗಳು ಮಾತ್ರ ಎದ್ದು ಕಾಣುವಂತೆ ಸುಟ್ಟಿರುವುದು, ಪಟ್ಟಿಗೂ ಶಾಫ್ಟಿಗೂ ನಡುವೆ ಮೀಟರ್ ಸಂಪರ್ಕ ತೋರಿಸುವುದು, ತಂತಿಯ ಸುತ್ತು ಕಪ್ಪಗೆ ಕರಕಲಾಗಿರುವುದು, ಇವೂ ಅದೇ ಮಾತು ಹೇಳುತ್ತವೆ. ಹೊಸ ಮಿಕ್ಸಿ ಮೊದಲ ಕೆಲವು ಸಲ ಬಿಸಿ ವಾರ್ನಿಷ್ ವಾಸನೆ ಬೀರುವುದು ಸಹಜ. ಮೂಗಿಗೆ ಚುಚ್ಚುವ ಕಮಟು, ಜೊತೆಗೆ ಹೊಗೆ, ಇದು ಸಹಜವಲ್ಲ.

ಆರ್ಮೇಚರ್ ಮತ್ತು ಫೀಲ್ಡ್ ಕಾಯಿಲ್ ಕೆಲಸ ಮನೆಯದಲ್ಲ. ಆ ವೇಗದಲ್ಲಿ ತಿರುಗುವ ಉರುಳೆಯ ತೂಕ ಸಮತೋಲವಾಗಿರಬೇಕು, ಅದಕ್ಕೆ ಅಂಗಡಿಯ ಕೈ ಬೇಕು. ಹೋಗುವಾಗ "ಮಿಕ್ಸಿ ಕೆಟ್ಟಿದೆ" ಎನ್ನುವ ಬದಲು "ಕಾರ್ಬನ್ ಹೊಸದು, ಸ್ವಿಚ್ ಸರಿಯಿದೆ, ಆರ್ಮೇಚರಿನಲ್ಲಿ ಎರಡು ಪಟ್ಟಿ ಸುಟ್ಟಿದೆ" ಎಂದು ಹೇಳಿ. ರಿಪೇರಿಯವರ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ. ಆರ್ಮೇಚರ್, ಕಾಯಿಲ್ ಎರಡೂ ಹೋಗಿ, ಮೇಲಿನ ಪ್ಲಾಸ್ಟಿಕ್ ಮೈಯೂ ಬಿರಿದಿದ್ದರೆ ಹೊಸದು ಕೊಳ್ಳುವುದೇ ಸರಿ. ಜಾರುಗಳನ್ನು ಎಸೆಯಬೇಡಿ, ಅದೇ ಕಂಪನಿಯ ಅದೇ ಮಾದರಿಗೆ ಅವು ಹೊಂದಬಹುದು.

ಮತ್ತೆ ಜೋಡಿಸಿದ ಮೇಲೆ

ಮುಚ್ಚುವ ಮೊದಲು ಶಾಫ್ಟನ್ನು ಕೈಯಿಂದ ತಿರುಗಿಸಿ, ಯಾವ ವೈರೂ ಫ್ಯಾನಿಗೆ ತಾಗದಂತೆ ಸರಿಸಿ. ಚಿತ್ರ ನೋಡಿಕೊಂಡು ಪ್ರತಿ ವೈರೂ ಅದರ ಜಾಗದಲ್ಲಿದೆಯೇ ನೋಡಿ. ಮುಚ್ಚಳ ಹಾಕಿ, ಪ್ಲಗ್ಗಿನಲ್ಲಿ ಎರಡೂ ಅಳತೆಗಳನ್ನು ಮತ್ತೊಮ್ಮೆ ಮಾಡಿ, ಅರ್ಥ್ ಕಡ್ಡಿಯ ಅಳತೆಯನ್ನಂತೂ ಬಿಡಲೇಬೇಡಿ. ಆಮೇಲೆ ಸಾಕೆಟ್ಟಿಗೆ ಹಚ್ಚಿ, ಮೊದಲ ಸಲ ಚಾಲೂ ಮಾಡುವಾಗ ಗೋಡೆಯ ಸ್ವಿಚ್ಚಿನ ಬಳಿ ಕೈ ಇರಲಿ.

ಹೊಸ ಕಾರ್ಬನ್ನಿನ ಚೌಕ ಮುಖ ಕಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಜಾರಿಗೆ ಕಾಲುಭಾಗ ನೀರು ಹಾಕಿ ಒಂದನೆಯ ವೇಗದಲ್ಲಿ ಒಂದು ನಿಮಿಷ ಓಡಿಸಿ, ಎರಡು ನಿಮಿಷ ಬಿಡಿ, ಹೀಗೆ ನಾಲ್ಕೈದು ಸಲ. ಮೊದಲಿಗೆ ಕಾಣುವ ಸಣ್ಣ ನೀಲಿ ಕಿಡಿ ಕ್ರಮೇಣ ತಗ್ಗುತ್ತದೆ. ಮೊದಲ ವಾರ ನೀರಾದ ಚಟ್ನಿಯನ್ನಷ್ಟೇ ರುಬ್ಬಿ. ಅರಿಸಿನ ಕೊಂಬು, ಒಣಕೊಬ್ಬರಿ, ಹೂರಣ ಆಮೇಲಿರಲಿ. ಮಿಕ್ಸಿಯ ತಳದ ಫಲಕದಲ್ಲಿ ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ಬಿಡಬೇಕು ಎಂದು ಬರೆದಿರುತ್ತದೆ, ಒಮ್ಮೆ ಮಗುಚಿ ಓದಿಕೊಳ್ಳಿ. ಅದರ ಪಕ್ಕದಲ್ಲೇ ಸಣ್ಣ ಚೀಟಿಯೊಂದರಲ್ಲಿ ಕಾರ್ಬನ್ ಬದಲಿಸಿದ ತಿಂಗಳು, ವರ್ಷ ಬರೆದು, ಕಪ್ಲರ್ ಬಿಚ್ಚುವ ದಿಕ್ಕಿನ ಬಾಣವನ್ನೂ ಹಾಕಿ ಅಂಟಿಸಿಡಿ.